ಇಂದಿನ ಧಮ್ಮ ಚಿಂತನೆ: ವೇದಿಕೆ ಹತ್ತುವುದು ಅಹಂಕಾರವೇ?





ಕಳೆದ ಭಾನುವಾರದ ಅಧ್ಯಯನದಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ರಜೆ ಹಾಕಿ, ಕೈಯಿಂದ ದುಡ್ಡು ಹಾಕಿ ಆ ಕಂಪ್ಯೂಟರ್ ಸಮ್ಮೇಳನಗಳಲ್ಲಿ ಮಾತಾಡಕ್ಕೆ ಹೋಗ್ತೀಯಲ್ಲಪ್ಪ, ಅದು ಹೆಸರಿನ ಆಸೆ ಅಲ್ವಾ?"

ನಾನು ಡೇಟಾಬೇಸ್ ನೋಡಿಕೊಳ್ಳುವ ಕೆಲಸದವನು. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಪೋಸ್ಟ್‌ಗ್ರೆಸ್‌ಗೆ ಇಂದು ಯಾವ ಒಂದು ಕಂಪನಿಯೂ ಒಡೆಯನಲ್ಲ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಬಳಸುವವರೇ ಸೇರಿ ಸಮ್ಮೇಳನ ನಡೆಸುತ್ತಾರೆ.

ಅಲ್ಲಿ ನಾನು ಹೇಳುವುದು ದೊಡ್ಡ ಸಿದ್ಧಾಂತವೇನಲ್ಲ. ಈ ಡೇಟಾಬೇಸಿನಲ್ಲಿ ಒಂದು ಸಾಲನ್ನು ತಿದ್ದಿದರೆ ಹಳೆಯ ಸಾಲು ಕೂಡಲೇ ಅಳಿಯುವುದಿಲ್ಲ, ಸತ್ತು ಅಲ್ಲೇ ಬಿದ್ದಿರುತ್ತದೆ. ಅದನ್ನು ಗುಡಿಸುವ ಕೆಲಸಕ್ಕೆ ವ್ಯಾಕ್ಯೂಮ್ ಎನ್ನುತ್ತಾರೆ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಸುಮಾರು ಶೇ. 20ರಷ್ಟು ಸಾಲು ಸತ್ತ ಮೇಲೆಯೇ ಅದು ತಾನಾಗಿ ಪೊರಕೆ ಹಿಡಿಯುವುದು. ಕೋಟಿ ಸಾಲಿನ ಟೇಬಲ್ಲಿನಲ್ಲಿ 20 ಲಕ್ಷ ಹೆಣ! ಅದನ್ನು ಎಲ್ಲಿ, ಎಷ್ಟಕ್ಕೆ ಇಳಿಸಬೇಕು ಎಂದು ರಾತ್ರಿ ಪಾಳಿಗಳಲ್ಲಿ ಕಲಿತದ್ದನ್ನು ಹೇಳಿ ಇಳಿಯುತ್ತೇನೆ. (ಗುಡಿಸುವ ವಿಷಯಕ್ಕೂ ನಮ್ಮವನೇ ಬೇಕಾಯಿತಾ ಎಂದು ಗೆಳೆಯನೊಬ್ಬ ನಕ್ಕ. ನಾನೂ ನಕ್ಕೆ.)

ಚಪ್ಪಾಳೆ ಹಿತವಾಗಿರುತ್ತದೆ, ಸುಳ್ಳೇಕೆ? ಹಿರಿಯರ ಎಚ್ಚರಿಕೆ ಅಷ್ಟರ ಮಟ್ಟಿಗೆ ಸರಿ. ಆದರೆ ಕನ್ನಡದಲ್ಲಿ ಮಾನ ಎಂದರೆ ಗೌರವ. ತಥಾಗತರು ಬಿಡಿ ಎಂದ ಪಾಲಿಯ 'ಮಾನ' ಬೇರೆ. ಅದು ನಮ್ಮನ್ನು ಸದಾ ಇನ್ನೊಬ್ಬರ ಪಕ್ಕ ಇಟ್ಟು ಅಳೆಯುವುದು. ನಾನು ಮೇಲು ಎನ್ನುವುದೂ ಮಾನ, ನಾನು ಸಮ ಎನ್ನುವುದೂ ಮಾನ, ನಾನು ಕೀಳು ಎನ್ನುವುದೂ ಮಾನವೇ. ಮೂರನೆಯದನ್ನು ತಲೆತಲಾಂತರದಿಂದ ನಮಗೆ ಕಲಿಸಿದರು. ನಾವು ಅದನ್ನೇ ವಿನಯ ಎಂದುಕೊಂಡೆವು.

ನನ್ನ ಜೊತೆ ಕೆಲಸ ಮಾಡುವ ನಮ್ಮ ಹುಡುಗಿಯೊಬ್ಬಳಿದ್ದಾಳೆ. ಈ ವಿದ್ಯೆ ನನಗಿಂತ ಚೆನ್ನಾಗಿ ಬಲ್ಲಳು. "ಬೇಡ ಅಣ್ಣ, ನನ್ನ ಇಂಗ್ಲಿಷ್ ಕೇಳಿ ನಗ್ತಾರೆ. ಬ್ಯಾಡ್ಜಲ್ಲಿ ಹೆಸರು ನೋಡಿ ಊರು ಯಾವುದು ಅಂತಾರೆ" ಎಂದು ಎರಡು ವರ್ಷ ಹಿಂದೆ ಸರಿದಳು. ಊರು ಕೇಳುವ ನೆಪದಲ್ಲಿ ಏನು ಕೇಳುತ್ತಾರೆಂದು ನಮಗೆಲ್ಲ ಗೊತ್ತು.

ಆದರೂ ಅವಳಿಗೆ ಚೌದಾರ್ ಕೆರೆ ನೆನಪಿಸಿದೆ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಎಂದು ಮುಂಬೈ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು, ಮಹಾಡ್ ಪುರಸಭೆಯೂ ಒಪ್ಪಿತ್ತು. ಬಾಬಾಸಾಹೇಬರು ಜನರೊಂದಿಗೆ ನಡೆದುಹೋಗಿ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಅಲ್ಲಿಯತನಕ ನಿರ್ಣಯ ಕಾಗದದಲ್ಲೇ ಇತ್ತು. 'ಎಲ್ಲರಿಗೂ ಮುಕ್ತ' ಎನ್ನುವ ಸಾಫ್ಟ್‌ವೇರ್ ಲೈಸೆನ್ಸೂ ಒಂದು ಕಾಗದವೇ.

ಈ ಸಲ ಆ ತಂಗಿ ಹೆಸರು ಕೊಟ್ಟಿದ್ದಾಳೆ. ಬರುವ ಭಾನುವಾರ ತ್ರಿಶರಣ, ಪಂಚಶೀಲ ಆದ ಮೇಲೆ ನಮ್ಮ ಮುಂದೆಯೇ ಒಮ್ಮೆ ಮಾತಾಡಿ ಅಭ್ಯಾಸ ಮಾಡುತ್ತಾಳೆ. ಎಲ್ಲರೂ ಬನ್ನಿ, ಅರ್ಥವಾಗದ್ದನ್ನು ಕನ್ನಡದಲ್ಲೇ ಕೇಳಿ.

ಜೈ ಭೀಮ್