ಹೆಸರಿಡುವವನ ಹೊಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ಸೀಮೆಯ ಹಳೆಯ ಮನೆತನಗಳ ಕಾಗದದ ಗಂಟುಗಳನ್ನು ಬಿಚ್ಚಿದರೆ ಕನ್ನಡದೊಡನೆ ಮೋಡಿಯೂ ಫಾರಸಿಯೂ ಕಣ್ಣಿಗೆ ಬೀಳುವದುಂಟು. ದೇವನಾಗರಿಯನ್ನು ನಮ್ಮ ಹಿರಿಯರು 'ಬಾಳಬೋಧ'ವೆಂದು ಕರೆದರು. ಬಾಲರಿಗೂ ಬೋಧವಾಗುವ ಲಿಪಿಯೆಂದು ಅದರ ಅರ್ಥ. ಲೇಖಣಿಯನ್ನು ಆದಷ್ಟು ಎತ್ತದೆ ಬರೆಯುವ ಮರಾಠಿ ಬರಹಕ್ಕೆ 'ಮೋಡಿ' ಎಂಬ ಹೆಸರು ಬಂದಿತು. ಓದಲರಿಯದ ಕನ್ನಡಿಗನಿಗೆ ಅದು ನಿಜವಾಗಿಯೂ ಮೋಡಿಯೇ ಸರಿ! ಹೆಸರೆಂಬುದು ಹೆಸರುಗೊಂಡ ವಸ್ತುವಿನ ಗುಣವನ್ನಷ್ಟೇ ಅಲ್ಲ, ಹೆಸರಿಟ್ಟವನ ತಿಳಿವನ್ನೂ ತೋರಿಸುವದು. ಹಾಗಾದರೆ ತಿಳಿಯದೆ ಇಟ್ಟ ತಪ್ಪು ಹೆಸರೊಂದು ಬಳಕೆಗೆ ಬಂದುಬಿಟ್ಟರೆ, ಅದನ್ನು ಉಳಿಸುವದು ಧರ್ಮವೋ, ಅಳಿಸುವದು ಧರ್ಮವೋ?

ಈ ಪ್ರಶ್ನೆಯು ಕೇವಲ ತರ್ಕದ್ದಲ್ಲ. ಹಳಗನ್ನಡದ ೞಕಾರವನ್ನು ನೋಡಿರಿ. ಇಂದಿನ 'ಏಳು' ಅಂದು 'ಏೞು'; ಇಂದಿನ 'ಬಾಳು' ಅಂದು 'ಬಾೞ್'. ನಮ್ಮ ವೈಯಾಕರಣರು ಕಿವಿಗೊಟ್ಟು ಆಲಿಸಿ ಕ್ಷಳ, ಕುಳ, ರಳ ಎಂದು ಮೂರು ಬಗೆಯನ್ನು ಗುರುತಿಸಿ, ಈ ಅಕ್ಷರವನ್ನು 'ರಳ'ವೆಂದರು. 13ನೆಯ ಶತಮಾನದ ಕೇಶಿರಾಜನು ಇದರ ವಿವೇಚನೆಯನ್ನು ಎಚ್ಚರದಿಂದ ಮಾಡಿದ್ದಾನೆ. ಕಾಲಾಂತರದಲ್ಲಿ ಅದರ ಧ್ವನಿಯು ಬಹುಮಟ್ಟಿಗೆ ಳಕಾರದಲ್ಲಿ ಬೆರೆತು, ಅಕ್ಷರವು ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಉಳಿಯಿತು.

ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೇ ಪಟ್ಟಿ ಬೇಕೆಂದು ರಚಿಸಿದ 'ಯೂನಿಕೋಡ್' 1991ರಲ್ಲಿ ಮೊದಲು ಪ್ರಕಟವಾಯಿತು. ಇಂದಿನ ಗಣಕಯಂತ್ರಗಳೆಲ್ಲ ಅದನ್ನು ಅನುಸರಿಸುವವು. ಆ ಪಟ್ಟಿಯಲ್ಲಿ ನಮ್ಮ ರಳಕ್ಕೆ ದೊರೆತ ಹೆಸರು 'ಕನ್ನಡ ಅಕ್ಷರ ಫ಼'! ರಳಕ್ಕೂ ಫ಼ಕಾರಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಬೆಳಕಿಗೆ ಬಂದರೂ ಹೆಸರು ಬದಲಾಗಲಿಲ್ಲ. ಒಮ್ಮೆ ಇಟ್ಟ ಹೆಸರನ್ನು ಮತ್ತೆ ತಿದ್ದಬಾರದೆಂಬುದು ಅಲ್ಲಿಯ ನಿಯಮ. ಲಾವೋ ಲಿಪಿಯ ನಾಲ್ಕು ಅಕ್ಷರಗಳಿಗೂ ಇದೇ ಗತಿಯಾಗಿದೆ.

ಈ ನಿಯಮವನ್ನು ಹಟವೆಂದು ತಳ್ಳಿಬಿಡುವದು ನ್ಯಾಯವಲ್ಲ. ಹೆಸರನ್ನು ನಂಬಿ ಯಂತ್ರಗಳನ್ನು ನಡೆಸುವವರು ಅನೇಕರು. ದಿನಕ್ಕೊಂದು ಹೆಸರಾದರೆ ಅವರ ಕೆಲಸ ಕೆಡುವದು. ಕೊಟ್ಟ ಮಾತಿನ ಸ್ಥಿರತೆಯೂ ಒಂದು ಧರ್ಮವೇ. ಆದರೆ ಅಕ್ಷರಕ್ಕೆ ಬಾಯಿಲ್ಲ, ತನ್ನ ದೂರನ್ನು ತಾನು ಹೇಳಲಾರದು. ರಳವನ್ನು ಎಂದೂ ಕೇಳದ ನಾಳಿನ ಹುಡುಗನು ಪಟ್ಟಿಯ ಹೆಸರನ್ನೇ ನಂಬಿದರೆ, ಹಿರಿಯರ ನಾಲಗೆಯ ಮೇಲಿದ್ದ ಒಂದು ಧ್ವನಿಯು ಎರಡನೆಯ ಸಲ ಸತ್ತಂತಾಗುವದು.

ಪಟ್ಟಿಕಾರರು ಕಂಡ ದಾರಿಯು ವಿಚಾರಾರ್ಹವಾಗಿದೆ. ಹಳೆಯ ಹೆಸರನ್ನು ಅಳಿಸದೆ, ಅದು ತಪ್ಪೆಂದು ಒಪ್ಪಿ, ಅದರ ಬದಿಗೆ ತಿದ್ದುಪಡಿಯ ಹೆಸರನ್ನು ಬರೆದಿಟ್ಟರು. ಹಳೆಯ ಲೆಕ್ಕದ ಪುಸ್ತಕದಲ್ಲಿ ತಪ್ಪಿದ ಅಂಕಿಯನ್ನು ಕೆರೆದು ತೆಗೆಯದೆ, ಕಾಣುವಂತೆ ಗೀಟೆಳೆದು ಸರಿಯಾದುದನ್ನು ಬರೆಯುವ ಪ್ರಾಮಾಣಿಕತೆಯೇ ಇದು. ತಪ್ಪನ್ನು ಮುಚ್ಚುವದಕ್ಕಿಂತ ಇದು ಮೇಲು. ಆದರೆ ಮೊದಲೇ ಕೇಳಿ ತಿಳಿಯುವದು ಇದಕ್ಕಿಂತಲೂ ಮೇಲು.

ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ನಾನಾ ಜನಪದಗಳ ವಿದ್ಯಾರ್ಥಿಗಳು ಬಂದು ಕಲಿಯುತ್ತಿದ್ದರೆಂದು ಕ್ರಿ.ಶ. 945ರ ಸ್ತಂಭಶಾಸನವು ಹೇಳುವದು. ಪರರ ಲಿಪಿಗೆ ಹೆಸರಿಡಹೋಗುವವನು ಅಂಥ ವಿದ್ಯಾರ್ಥಿಯಾಗಿಯೇ ಹೋಗತಕ್ಕದ್ದು. ಹೆಸರಿಡುವದು ಅಧಿಕಾರವಲ್ಲ, ಋಣ.