ಕ್ಷಮಿಸು ಎನ್ನುವ ಮೊದಲು



ಚಿಕ್ಕನಾಯಕನಹಳ್ಳಿ ಕಡೆಯಿಂದಲೋ ತುರುವೇಕೆರೆ ಕಡೆಯಿಂದಲೋ ಬಸ್ಸು ಹತ್ತಿ ತಿಪಟೂರಿನ ಹೈಸ್ಕೂಲಿಗೆ ಹೋಗುವ ಮಗನೋ ಮಗಳೋ ನಿಮ್ಮ ಮನೆಯಲ್ಲಿ ಇರಬಹುದು. ಭಾನುವಾರ ಸಂಜೆಯಾದರೆ ಆ ಮಗುವಿನ ಮುಖ ಬಾಡುತ್ತದೆ. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತದೆ. ಊಟ ಸೇರದು, ನಿದ್ದೆ ಬಾರದು. ಮೆಲ್ಲಗೆ ವಿಚಾರಿಸಿದರೆ ಸಂಗತಿ ಹೊರಬೀಳುತ್ತದೆ. ಸಹಪಾಠಿಗಳು ಮೈಬಣ್ಣವನ್ನೋ ಮಾತಿನ ತೊದಲನ್ನೋ ಹಿಡಿದು ತಿಂಗಳುಗಟ್ಟಲೆ ಗೇಲಿ ಮಾಡಿದ್ದಾರೆ; ಯಾರೂ ಪಕ್ಕದಲ್ಲಿ ಕೂರದಂತೆ ನೋಡಿಕೊಂಡಿದ್ದಾರೆ. ಮನೆಗೆ ಬಂದರೂ ಮೊಬೈಲಿನಲ್ಲಿ ಅದೇ ಕಾಟ.

ಆಗ ನಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? "ನಾವು ಕ್ರೈಸ್ತರು ಕಣಪ್ಪ, ಕ್ಷಮಿಸಿಬಿಡು. ಮರೆತುಬಿಡು." ಮಾತು ಒಳ್ಳೆಯದೇ. ಆದರೆ ಹಿಂಸೆ ನಡೆಯುತ್ತಿರುವಾಗಲೇ ಹೀಗೆ ಹೇಳಿದರೆ ಮಗುವಿಗೆ ಕೇಳಿಸುವುದು ಬೇರೆ: "ಸುಮ್ಮನಿರು, ನಿನ್ನ ನೋವು ದೊಡ್ಡದಲ್ಲ." ದೇವರೂ ಹೊಡೆಯುವವರ ಪಕ್ಷವೇ ಎಂದು ಅದು ನಂಬಿಬಿಟ್ಟರೆ ಆ ಗಾಯ ಮಾಯುವುದು ಬಲು ಕಷ್ಟ.

ಯೇಸುಸ್ವಾಮಿ ಪೇತ್ರನಿಗೆ ಲೆಕ್ಕವಿಡದೆ ಕ್ಷಮಿಸಲು ಹೇಳಿದ್ದು ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ. ಆದರೆ ಅದೇ ಅಧ್ಯಾಯದಲ್ಲಿ, ಅದಕ್ಕೂ ಮೊದಲು, ತಪ್ಪು ಮಾಡಿದವನಿಗೆ ಅವನ ತಪ್ಪನ್ನು ತಿಳಿಸಿ, ಕೇಳದಿದ್ದರೆ ಸಾಕ್ಷಿಗಳನ್ನು ಕರೆದೊಯ್ಯಿರಿ, ಆಗಲೂ ಕೇಳದಿದ್ದರೆ ಸಭೆಯ ಮುಂದಿಡಿ ಎಂದೂ ಹೇಳಿದ್ದಾರೆ. ಮಹಾಯಾಜಕನ ಎದುರು ಕಾವಲಿನವನು ಕೆನ್ನೆಗೆ ಹೊಡೆದಾಗ ಅವರೇ ಕಾರಣ ಕೇಳಿದರು. ಅನ್ಯಾಯವನ್ನು ಅನ್ಯಾಯವೆನ್ನುವುದು ಕ್ಷಮೆಗೆ ವಿರೋಧವಲ್ಲ.

ನಾರ್ವೆ ದೇಶದಲ್ಲಿ ಮೂವರು ಬಾಲಕರ ಆತ್ಮಹತ್ಯೆಯ ನಂತರ, 1983ರಲ್ಲಿ, ಶಾಲೆಗಳಲ್ಲಿ ಇಂಥ ಕಾಟದ ವಿರುದ್ಧ ರಾಷ್ಟ್ರವ್ಯಾಪಿ ಅಭಿಯಾನ ನಡೆಯಿತು. ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್ ಜಗತ್ತಿಗೆ ತಿಳಿಸಿಕೊಟ್ಟದ್ದು ಇದು: ಇದು ಸರಿಸಮಾನರ ಜಗಳವಲ್ಲ, ಬಲವುಳ್ಳವರು ಬಲಹೀನರ ಮೇಲೆ ಮತ್ತೆ ಮತ್ತೆ ಎಸಗುವ ಹಿಂಸೆ. ಅದನ್ನು ನಿಲ್ಲಿಸುವ ಹೊಣೆ ದೊಡ್ಡವರದು.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿ. "ನೀನು ಹೇಳಿದ್ದನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ" ಎನ್ನಿ. ನಡೆದದ್ದನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು, ಮಗುವಿಗೆ ತಿಳಿಸಿಯೇ ಮುಖ್ಯೋಪಾಧ್ಯಾಯರನ್ನು ಕಾಣಿ. ನಂಬಿಕಸ್ಥ ಗೆಳೆಯ ಒಬ್ಬನೇ ಇದ್ದರೂ ಅವನನ್ನು ಮನೆಗೆ ಕರೆಯಿರಿ. ಸಾಯುವ ಮಾತು ಬಂದರೆ ಬೈಯದೆ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆಗ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡಕ್ಕೂ ಹಣ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ವಿಭಾಗವಿದೆ. ಮನೋವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆಯಲ್ಲ.

ಕ್ಷಮೆಗೆ ಕಾಲ ಬೇಕು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದಲ್ಲಿ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಅವಸರಪಟ್ಟು ಒಡೆದರೆ ಅದು ಚಿಪ್ಪಿಗೇ ಅಂಟಿಕೊಂಡಿರುತ್ತದೆ. ಹಾಗೆಂದು ನಾವು ಸುಮ್ಮನೆ ಕೂರುವುದಿಲ್ಲ. ಅಟ್ಟಕ್ಕೆ ಮಳೆನೀರು ಇಳಿಯದಂತೆ ನೋಡಿಕೊಳ್ಳುತ್ತೇವೆ. ಮಗುವಿನ ವಿಷಯದಲ್ಲೂ ಕಾಯುವುದು, ಕಾಪಾಡುವುದು ಎರಡೂ ನಮ್ಮ ಪಾಲಿನ ಕೆಲಸ. ಒಂದು ದಿನ ಕ್ಷಮೆ ಆ ಮಗುವಿನ ಮನಸ್ಸಿನಿಂದಲೇ ಬಂದರೆ ಅದು ದೇವರ ವರ. ಅದನ್ನು ನಾವು ಬಲವಂತದಿಂದ ಪಡೆಯಲಾಗದು.

ಇನ್ನೊಂದು ಮಾತು. ಕಾಟ ಕೊಡುವ ಮಗುವೂ ಯಾರದೋ ಮನೆಯದೇ. ಅದು ನಮ್ಮ ಮನೆಯದೇ ಆಗಿದ್ದರೆ, "ಹುಡುಗಾಟ ಬಿಡಿ" ಎಂದು ಮುಚ್ಚಿಹಾಕದೆ, ಹೊಡೆಯದೆ, ಕೂರಿಸಿ ತಪ್ಪನ್ನು ತಿಳಿಸಿ, ಕ್ಷಮೆ ಕೇಳುವುದನ್ನು ಕಲಿಸೋಣ. ಕ್ಷಮೆಯ ಪಾಠ ಮೊದಲು ಬೇಕಾಗಿರುವುದು ನೋವು ಕೊಟ್ಟವರಿಗೆ.