ನಕಲಿನ ನಿಜ

ಕಳೆದ ತಿಂಗಳು ನನ್ನ ಸೋದರಳಿಯ ಒಂದು ಧರ್ಮಸಂಕಟವನ್ನು ಹೊತ್ತುಕೊಂಡು ನಮ್ಮ ಮನೆಗೆ ಬಂದ. ಅವನು ಹೊತ್ತು ತಿರುಗುವ ವಸ್ತುಗಳಲ್ಲೆಲ್ಲ ಅದೇ ಹಗುರವಾದದ್ದೆಂದು ತೋರುತ್ತದೆ. ಆತ ಗಿಟಾರ್ ವಾದಕ. ವಾರದಲ್ಲಿ ನಾಲ್ಕು ದಿನ ಮಕ್ಕಳಿಗೆ ಪಾಠ ಹೇಳುತ್ತಾನೆ. ಉಳಿದ ಸಂಜೆಗಳಲ್ಲಿ ಮೂವರು ಗೆಳೆಯರೊಡನೆ ಬೆಂಗಳೂರಿನ ಹೋಟೆಲುಗಳಲ್ಲಿ, ಆರತಕ್ಷತೆಗಳಲ್ಲಿ, ಕಂಪನಿಗಳ ವಾರ್ಷಿಕೋತ್ಸವಗಳಲ್ಲಿ ನುಡಿಸುತ್ತಾನೆ. ಗಿಟಾರೇನೋ ಹೆಗಲಿಗೆ ತೂಗುಹಾಕಿಕೊಳ್ಳುವಂಥದು. ಆದರೆ ವಿದ್ಯುತ್ ಗಿಟಾರಿನ ತಂತಿ ತಾನಾಗಿ ಸಭೆಗೆ ಕೇಳಿಸುವುದಿಲ್ಲ. ಅದರ ಪಿಸುಮಾತನ್ನು ಕೂಗಾಗಿಸಲು ಆಂಪ್ಲಿಫೈಯರ್ ಬೇಕು. ಇವನದು ವಾಲ್ವುಗಳ ಯಂತ್ರ, ಫೆಂಡರ್ ಟ್ವಿನ್ ರಿವರ್ಬ್. 1963ರಲ್ಲಿ ಅಮೆರಿಕದಲ್ಲಿ ಮೊದಲು ಬಂದ ಮಾದರಿ. 12 ಅಂಗುಲದ ಎರಡು ಸ್ಪೀಕರು, 85 ವ್ಯಾಟ್ ಶಕ್ತಿ, ಸುಮಾರು 29 ಕಿಲೋ ತೂಕ. ಅವನ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸೊಂಟ ಹಿಡಿದುಕೊಂಡು ಎರಡು ವಾರ ಮಲಗಿದ್ದವನಿಗೆ, ಇನ್ನು ಮೇಲೆ ಭಾರ ಎತ್ತಕೂಡದೆಂದು ವೈದ್ಯರು ಹೇಳಿದ್ದಾರೆ.

"ಮಾವ, ಅದನ್ನ ಮಾರಿ ಒಂದು ಸಣ್ಣ ಡಿಜಿಟಲ್ ಪೆಟ್ಟಿಗೆ ತಗೊಳ್ಳೋಣ ಅಂತಿದೀನಿ," ಎಂದ. "ಊಟದ ಡಬ್ಬಿಯಷ್ಟಿದೆ. ಅದರೊಳಗೆ ನೂರಾರು ಆಂಪ್ಲಿಫೈಯರುಗಳ ದನಿ ಇದೆ."

"ತಗೋ. ಯಾರು ಬೇಡ ಅಂದರು?"

"ಯಾರೂ ಅನ್ನಲಿಲ್ಲ. ನನಗೇ ಅನ್ನಿಸ್ತಿದೆ. ಇಲ್ಲದ ಯಂತ್ರದ ದನೀನ ಇದೆ ಅನ್ನೋ ಹಾಗೆ ಕೇಳಿಸಿ ದುಡ್ಡು ತಗೊಳ್ಳೋದು ಮೋಸ ಅಲ್ವಾ?"

ನಕ್ಕುಬಿಡಬಹುದಾದ ಪ್ರಶ್ನೆ. ಆದರೆ ಕೇಳಿದವನ ಮುಖದಲ್ಲಿ ನಗುವಿರಲಿಲ್ಲ. ಕೈಯಲ್ಲಿರುವ ಹಣ ಒಂದೇ ಸಲದ ಕೊಳ್ಳುವಿಕೆಗೆ ಸಾಲುವಂಥದು. ತಪ್ಪಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಈ ಪೆಟ್ಟಿಗೆಯ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ವಾಲ್ವಿನ ಆಂಪ್ಲಿಫೈಯರು ದನಿಯನ್ನು ದೊಡ್ಡದು ಮಾಡುವಾಗ ಇದ್ದುದನ್ನು ಇದ್ದಂತೆ ಬಿಡುವುದಿಲ್ಲ. ಮೆಲ್ಲನೆ ಮೀಟಿದರೆ ತಿಳಿಯಾಗಿ ನುಡಿಯುತ್ತದೆ. ಬಲವಾಗಿ ಮೀಟಿದರೆ ವಾಲ್ವು ತನ್ನ ಅಳವನ್ನು ಮೀರಿ, ಅಲೆಯ ನೆತ್ತಿಯನ್ನು ಅದುಮಿ, ಗಂಟಲು ಬಿರಿದ ಗಾಯಕನ ಹಾಗೆ ಒರಟಾಗುತ್ತದೆ. ಅದರ ಸ್ಪೀಕರು 5,000 ಹರ್ಟ್ಸಿನಾಚೆಯ ಕೀರಲು ಸ್ವರಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಡಿಜಿಟಲ್ ಪೆಟ್ಟಿಗೆ ಈ ನಡತೆಯನ್ನೆಲ್ಲ ಅಂಕಿಗಳಲ್ಲಿ ಲೆಕ್ಕ ಹಾಕಿ, ಅದೇ ದನಿಯನ್ನು ನೇರವಾಗಿ ಸಭಾಂಗಣದ ಧ್ವನಿವರ್ಧಕಕ್ಕೆ ಕೊಡುತ್ತದೆ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಕೆಂಪು ಪೆಟ್ಟಿಗೆ ಬಂದಾಗ ಇದು ಮನೆಮಾತಾಯಿತು. 2011ರಲ್ಲಿ ಜರ್ಮನಿಯ ಕೆಂಪರ್ ಯಂತ್ರ ಇನ್ನೊಂದು ಹೆಜ್ಜೆ ಹೋಗಿ, ಎದುರಿಗಿಟ್ಟ ನಿಜವಾದ ಆಂಪ್ಲಿಫೈಯರಿಗೆ ತಾನೇ ಪರೀಕ್ಷೆಯ ದನಿಗಳನ್ನು ಕಳಿಸಿ, ಅದರ ಉತ್ತರವನ್ನು ಕೇಳಿ, ಅದರ ಪಡಿಯಚ್ಚು ತೆಗೆಯತೊಡಗಿತು. 2018ರ ಎಚ್‌ಎಕ್ಸ್ ಸ್ಟಾಂಪ್ ಸುಮಾರು ಒಂದು ಕಿಲೋ. 2021ರಲ್ಲಿ ಜನರ ಕೈಗೆ ಬಂದ ಫಿನ್ಲೆಂಡಿನ ಕ್ವಾಡ್ ಕಾರ್ಟೆಕ್ಸ್ ಸುಮಾರು ಎರಡು ಕಿಲೋ. ಲೆಕ್ಕ ಮುಗಿಸಲು ಪೆಟ್ಟಿಗೆಗೆ ಕೆಲವು ಮಿಲಿಸೆಕೆಂಡು ಬೇಕು, ನಿಜ. ಆದರೆ ಶಬ್ದ ಗಾಳಿಯಲ್ಲಿ ಒಂದು ಮೀಟರು ಸಾಗುವುದಕ್ಕೂ ಸುಮಾರು 3 ಮಿಲಿಸೆಕೆಂಡು ಬೇಕು. ಹಳೆಯ ಯಂತ್ರದಿಂದ ಒಂದೆರಡು ಹೆಜ್ಜೆ ದೂರ ನಿಂತು ನುಡಿಸಿದಂತಾಯಿತು, ಅಷ್ಟೆ.

ಹಾಗಾದರೆ ಇದು ನಕಲು. ನಕಲೆಂದರೆ ಮೋಸವೇ?

ಮೊದಲು ಅಸಲು ಯಾವುದೆಂದು ನೋಡಬೇಡವೆ? ಒರಟು ಗಿಟಾರಿನ ದನಿಗೆ ಹೆಸರಾದ ಯಂತ್ರ ಇಂಗ್ಲೆಂಡಿನ ಮಾರ್ಷಲ್. ಲಂಡನ್ನಿನಲ್ಲಿ ಡ್ರಮ್ಮುಗಳ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಮಾಡಿಸಿದ ಮೊದಲ ಆಂಪ್ಲಿಫೈಯರು, ಅಮೆರಿಕದ ಫೆಂಡರ್ ಬಾಸ್‌ಮನ್ ಯಂತ್ರವನ್ನು ಮುಂದಿಟ್ಟುಕೊಂಡು ಮಾಡಿದ ನಕಲು. ಬಾಸ್‌ಮನ್ ಯಂತ್ರವಾದರೋ ಮಂದ್ರದ ಬಾಸ್ ಗಿಟಾರಿಗೆಂದು ಮಾಡಿದ್ದು. ಮಾಮೂಲು ಗಿಟಾರಿನವರು ಅದನ್ನು ತಮ್ಮದಾಗಿಸಿಕೊಂಡರು. ಇನ್ನು ಆ ಒರಟುತನ? ಅದನ್ನು ಯಾವ ಇಂಜಿನಿಯರೂ ಬಯಸಿರಲಿಲ್ಲ. ಅವರ ಲೆಕ್ಕದಲ್ಲಿ ಅದು ದೋಷ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸಣ್ಣ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಆ ಹರಕು ದನಿಯಿಂದಲೇ ಲೋಕದ ಕಿವಿ ಸೆಳೆದ. ಒಂದು ಕಾಲದ ದೋಷವನ್ನು ಇಂದಿನ ಯಂತ್ರ ಮೈಯೆಲ್ಲ ಕಣ್ಣಾಗಿ ಎಣಿಸಿ, ಕಿಂಚಿತ್ತೂ ತಪ್ಪದಂತೆ ಒಪ್ಪಿಸುತ್ತಿದೆ! ನಕಲಿನ ಹಿಂದೆ ನಕಲು, ಅದರ ಹಿಂದೆ ಒಂದು ಹರಕು ಸ್ಪೀಕರು. ಅಸಲಿನ ಬುಡ ಹುಡುಕಿಕೊಂಡು ಹೋದವನಿಗೆ ಸಿಕ್ಕುವುದು ಇಷ್ಟು. ಕೇಳುಗ ಟಿಕೆಟ್ಟು ಕೊಳ್ಳುವಾಗ ವಾಲ್ವು ಉರಿಯುತ್ತದೆಂದು ಯಾರೂ ಅವನಿಗೆ ಮಾತು ಕೊಟ್ಟಿರುವುದಿಲ್ಲ. ಕೊಡದ ಮಾತನ್ನು ಮುರಿಯುವುದು ಸಾಧ್ಯವಿಲ್ಲ.

ಇಷ್ಟನ್ನು ಹೇಳಿ ಗೆದ್ದೆನೆಂದುಕೊಂಡೆ. ಆದರೆ ಅವನು ನನ್ನನ್ನು ತಮ್ಮ ಅಭ್ಯಾಸದ ಕೋಣೆಗೆ ಕರೆದುಕೊಂಡು ಹೋಗಿ, ಗೋಡೆಯ ಕಡೆ ಮುಖ ಮಾಡಿ ಕೂರಿಸಿದ. ಗೆಳೆಯನಿಂದ ಎರವಲು ತಂದ ಪೆಟ್ಟಿಗೆಯಲ್ಲಿ ಒಮ್ಮೆ, ಹಳೆಯ ಯಂತ್ರದಲ್ಲಿ ಒಮ್ಮೆ ಒಂದೇ ತುಣುಕನ್ನು ನುಡಿಸಿದ. ಆರು ಸಲ ಕೇಳಿದೆ. ಮೂರು ಸಲ ಸರಿ ಹೇಳಿದೆ, ಮೂರು ಸಲ ತಪ್ಪು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಇದೇ ಫಲ.

"ನಿಮಗೆ ಗೊತ್ತಾಗಲಿಲ್ಲ. ಆದರೆ ನನ್ನ ಬೆರಳಿಗೆ ಗೊತ್ತಾಗುತ್ತೆ, ಮಾವ," ಎಂದ.

ಇಲ್ಲಿ ಪ್ರಶ್ನೆ ನಿಜವಾಗಿ ಗಡುಸಾಯಿತು. ಮಾಡುವವನೊಬ್ಬನಿಗೆ ಮಾತ್ರ ತಿಳಿಯುವ ವ್ಯತ್ಯಾಸಕ್ಕೆ ಬೆಲೆಯುಂಟೆ? ಅತಿಥಿಗೆ ಎರಡನೆಯ ಡಿಕಾಕ್ಷನ್ನಿನ ಕಾಫಿ ಕೊಟ್ಟು, ಅವರು "ಬಹಳ ಚೆನ್ನಾಗಿದೆ" ಎಂದಾಗ ತಲೆ ತಗ್ಗಿಸಿದ ಗೃಹಿಣಿಯನ್ನು ನೀವೂ ಕಂಡಿರಬಹುದು. ಅತಿಥಿಗೆ ನಷ್ಟವಾಗಲಿಲ್ಲ. ಆದರೂ ಆಕೆಯ ಸಂಕೋಚ ಸುಳ್ಳಲ್ಲ. ಬೆರಳಿಗೆ ಸಿಗುವ ಉತ್ತರ ಬರಿಯ ಸುಖವೂ ಅಲ್ಲ. ತಂತಿ ತನ್ನ ಮಾತು ಕೇಳುತ್ತಿದೆಯೆಂದು ಗೊತ್ತಾದರೆ ಕೈ ಮುಂದಿನ ಸ್ವರಕ್ಕೆ ಧೈರ್ಯ ಮಾಡುತ್ತದೆ. ಕೇಳುತ್ತಿಲ್ಲವೆಂದು ಅನುಮಾನ ಬಂದರೆ ಕಲಿತ ದಾರಿಯಲ್ಲೇ ನಡೆದು ಮುಗಿಸುತ್ತದೆ. ಕೇಳುಗನಿಗೆ ಯಂತ್ರದ ವ್ಯತ್ಯಾಸ ತಿಳಿಯದೆ ಹೋಗಬಹುದು. ಧೈರ್ಯ ಮಾಡಿದ ಕೈ, ಮಾಡದ ಕೈ ಇವುಗಳ ವ್ಯತ್ಯಾಸ ತಿಳಿಯದೆ ಹೋಗದು. ಆದ್ದರಿಂದ ಪೆಟ್ಟಿಗೆಯನ್ನು ಆರಿಸುವಾಗ ಎಷ್ಟು ದನಿಗಳಿವೆ ಎಂದು ಎಣಿಸುವುದಕ್ಕಿಂತ, ಮೆಲ್ಲನೆ ಮೀಟಿದಾಗ ಅದೂ ಮೆಲ್ಲನಾಗುತ್ತದೆಯೆ, ಗಿಟಾರಿನ ಮೇಲಿನ ಗುಂಡಿಯನ್ನು ಇಳಿಸಿದಾಗ ಒರಟು ದನಿ ತಿಳಿಯಾಗುತ್ತದೆಯೆ ಎಂದು ನೋಡುವುದು ಮೇಲು.

ಈ ವಾದವನ್ನೆಲ್ಲ ಅವನ ತಾಯಿಯ, ಎಂದರೆ ನನ್ನ ತಂಗಿಯ ಮುಂದಿಟ್ಟೆವು. ಆಕೆ ನಲವತ್ತು ವರ್ಷದಿಂದ ಸಂಗೀತದ ಪಾಠ ಹೇಳುತ್ತಿದ್ದಾಳೆ. ಆಕೆಯ ಮಗ್ಗುಲಲ್ಲಿಯೂ ಒಂದು ಪೆಟ್ಟಿಗೆಯಿದೆ: ಎಲೆಕ್ಟ್ರಾನಿಕ್ ತಂಬೂರಿ. ಅದು ನಮ್ಮ ಬೆಂಗಳೂರಿನದೇ ಕೊಡುಗೆ; ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಅದಕ್ಕೆ ರೂಪ ಕೊಟ್ಟರು. ನಿಜವಾದ ತಂಬೂರಿ ಗವಸು ಹಾಕಿಕೊಂಡು ಮೂಲೆಯಲ್ಲಿ ನಿಂತಿದೆ.

"ಪೆಟ್ಟಿಗೆ ಶ್ರುತಿ ಕೊಡುತ್ತೆ, ಸೇರಬೇಕಾದ್ದು ಗಂಟಲೇ ಕಣೋ," ಎಂದಳು ಮಗನಿಗೆ. ಅವನು ಹಗುರಾದ. ಆದರೆ ಆಕೆಯ ಮಾತು ಮುಗಿದಿರಲಿಲ್ಲ. "ಆದರೆ ಅಣ್ಣ, ಒಂದು ಹೋಯಿತು. ನಮ್ಮ ಗುರುಗಳ ಹಿಂದೆ ನಾನು ಆರು ವರ್ಷ ತಂಬೂರಿ ಹಿಡಿದು ಕೂತೆ. ನಾನು ಸಂಗೀತ ಕಲಿತದ್ದು ಪಾಠದಲ್ಲಲ್ಲ, ಆ ಜಾಗದಲ್ಲಿ. ಈಗ ನನ್ನ ಹಿಂದೆ ಯಾರೂ ಕೂರಬೇಕಾಗಿಲ್ಲ."

ನನ್ನ ವಾದದಲ್ಲಿ ಕಾಣದೆ ಹೋದದ್ದು ಇದು. ನಾವು ದನಿ ದನಿಯನ್ನು ಹೋಲಿಸಿ ನೋಡುತ್ತಿದ್ದೆವು. ಆಕೆ ತೆರವಾದ ಜಾಗವನ್ನು ತೋರಿಸಿದಳು. ನಕಲು ಯಾವುದರ ಸ್ಥಾನದಲ್ಲಿ ಬಂದು ಕುಳಿತಿದೆ ಎಂಬುದೇ ಪ್ರಶ್ನೆ. ಸೊಂಟ ಮುರಿಯುವ ಭಾರದ ಸ್ಥಾನದಲ್ಲಿ ಕುಳಿತರೆ ಅದು ಉಪಕಾರಿ. ಒಬ್ಬ ಮನುಷ್ಯನ, ಒಂದು ಆಲಿಸುವಿಕೆಯ ಸ್ಥಾನದಲ್ಲಿ ಕುಳಿತರೆ, ಅದರ ದನಿ ಎಷ್ಟು ಸೊಗಸಾಗಿದ್ದರೂ ಲೆಕ್ಕ ಬೇರೆ.

ನನ್ನ ಅಳಿಯನ ವೇದಿಕೆಯಲ್ಲಿ ತೆರವಾಗುವ ಜಾಗ ಯಾವುದು? ಹಳೆಯ ಯಂತ್ರ ಅವನ ಬೆನ್ನ ಹಿಂದೆ ನಿಂತು ಕೂಗುತ್ತಿತ್ತು. ಡ್ರಮ್ ಬಾರಿಸುವವನೂ ಹಾಡುವ ಹುಡುಗಿಯೂ ಅದನ್ನು ಅದೇ ಗಾಳಿಯಲ್ಲಿ ಕೇಳಿ, ತಮ್ಮನ್ನು ತಗ್ಗಿಸಿಯೋ ಏರಿಸಿಯೋ ಹೊಂದಿಸಿಕೊಳ್ಳುತ್ತಿದ್ದರು. ಪೆಟ್ಟಿಗೆಯ ದನಿ ತಂತಿಯಲ್ಲಿ ನೇರವಾಗಿ ಸಭಾಂಗಣದ ಕೊನೆಯಲ್ಲಿ ಕುಳಿತ ಧ್ವನಿ ನಿರ್ವಾಹಕನ ಬಳಿಗೆ ಹೋಗುತ್ತದೆ. ಅವನು ಎಷ್ಟು ಕೊಟ್ಟರೆ ಅಷ್ಟು. ಒಬ್ಬೊಬ್ಬರೂ ಕಿವಿಗೆ ಹಾಕಿಕೊಂಡ ಸಣ್ಣ ಯಂತ್ರದಲ್ಲಿ ತಮಗೆ ಬೇಕಾದಷ್ಟನ್ನೇ ಕೇಳಿಕೊಳ್ಳುತ್ತಾರೆ. ಗದ್ದಲ ಕಡಿಮೆಯಾಯಿತು, ಕಿವಿ ಉಳಿಯಿತು. ಇದು ಸಣ್ಣ ಲಾಭವಲ್ಲ. ಆದರೆ ನಾಲ್ವರು ಒಬ್ಬರನ್ನೊಬ್ಬರು ಸಹಿಸಿಕೊಂಡು ಕೇಳಬೇಕಾದ ಅಗತ್ಯವೂ ಅದರೊಡನೆ ಹೋಗಬಹುದು. ನೂರಾರು ದನಿಗಳ ಭಂಡಾರದಿಂದ ಇನ್ನೊಂದು ಅಪಾಯ. ಎರವಲು ತಂದ ಪೆಟ್ಟಿಗೆಯೊಡನೆ ಇವನು ಮೂರು ರಾತ್ರಿ ಕುಳಿತ. ಎಪ್ಪತ್ತು ಆಂಪ್ಲಿಫೈಯರುಗಳ ರುಚಿ ನೋಡಿದ. ಒಂದು ಹಾಡನ್ನೂ ಅಭ್ಯಾಸ ಮಾಡಲಿಲ್ಲ. ಒಂದೇ ಯಂತ್ರವಿದ್ದಾಗ ಅದರ ಮಿತಿಯೇ ಅವನ ಪರವಾಗಿ ಆರಿಸುತ್ತಿತ್ತು. ಈಗ ಆರಿಸುವ ಹೊಣೆ ಅವನ ಮೇಲೆಯೇ ಬಿತ್ತು.

ಕೊನೆಗೆ ಅವನು ತೀರ್ಮಾನಿಸಿದ್ದು ಹೀಗೆ. ಪೆಟ್ಟಿಗೆ ಸಣ್ಣದು, ಕಾಲಿನಿಂದ ಒತ್ತುವ ಗುಂಡಿ ಮೂರೇ ಇರುವಂಥದು. ಅದರಲ್ಲಿ ಮೂರೇ ದನಿ: ತಿಳಿಯಾದ್ದು, ಒರಟಾದ್ದು, ನಡುವಣದ್ದು. ಕೇಳುಗರಿಗೆ ದನಿ ನೇರವಾಗಿ ಹೋಗಲಿ. ಆದರೆ ಒಂದು ಕೈಯಲ್ಲಿ ಎತ್ತಬಹುದಾದ ಸಣ್ಣ ಸ್ಪೀಕರು ವೇದಿಕೆಯಲ್ಲೂ ಇರಲಿ, ಗೆಳೆಯರು ಅದನ್ನು ಗಾಳಿಯಲ್ಲಿ ಕೇಳಲಿ. ವಿದ್ಯುತ್ತು ಏರಿಳಿದು ಪೆಟ್ಟಿಗೆ ಆರಿ ಮತ್ತೆ ಎಚ್ಚರವಾಗುವವರೆಗೆ ಏನು ಮಾಡುವುದೆಂದು ನಾಲ್ವರೂ ಕುಳಿತು ಮಾತಾಡಿಕೊಂಡರು: ಡ್ರಮ್ಮೂ ಗಂಟಲೂ ಹಾಡನ್ನು ಹಿಡಿದಿರಬೇಕು. ಹೀಗೊಂದು ಮಾತು ಅವರೊಳಗೆ ಹಿಂದೆ ಎಂದೂ ನಡೆದಿರಲಿಲ್ಲವಂತೆ.

ಮೋಸವೋ ಅಲ್ಲವೋ ಎಂಬ ಅವನ ಮೊದಲ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರವೂ ಸ್ವಲ್ಪ ಬದಲಾಗಿದೆ. ದನಿ ಎಲ್ಲಿಂದ ಬಂತೆಂಬುದಕ್ಕಿಂತ, ಅದು ಕೆಟ್ಟಾಗ "ನನ್ನದು" ಎನ್ನಲು ಒಬ್ಬನಿದ್ದಾನೆಯೆ ಎಂಬುದು ಮುಖ್ಯ. ಸ್ವರ ತಪ್ಪಿದಾಗ ಪೆಟ್ಟಿಗೆಯ ಕಡೆಗೋ ಧ್ವನಿ ನಿರ್ವಾಹಕನ ಕಡೆಗೋ ಬೆರಳು ತೋರಿಸಿದರೆ, ಆಗ ಮೋಸ.

ಹಳೆಯ ಯಂತ್ರವನ್ನು ಕೊಳ್ಳಲು ಬಂದವನು ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಅಳಿಯ ಎತ್ತುವಂತಿರಲಿಲ್ಲವಾದ್ದರಿಂದ ಒಂದು ಕಡೆ ಆ ಹುಡುಗ, ಇನ್ನೊಂದು ಕಡೆ ನಾನು ಹಿಡಿದೆವು. ಎರಡನೆಯ ಮಹಡಿಯ ತಿರುವಿನಲ್ಲಿ ನನಗೆ ಉಸಿರು ಕಟ್ಟಿ ಇಳಿಸಬೇಕಾಯಿತು. ಹುಡುಗ ಆ ಹೊತ್ತಿನಲ್ಲೂ ಅದರ ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದ. ಮೇಲಿನಿಂದ ನನ್ನ ಅಳಿಯ ಬಗ್ಗಿ, "ಮಧ್ಯದ ಗುಂಡಿ ಐದರ ಮೇಲೆ ಹೋಗೋದು ಬೇಡ, ಅಲ್ಲೇ ಇರಲಿ," ಎಂದು ಕೂಗಿ ಹೇಳಿದ.